ಅವತ್ತು ಏನು ಹಾಕ್ಕೊಂಡಿದ್ದೆ? ಬಟ್ಟೆಗಳು ಸಾಕ್ಷಿ ಹೇಳಿದ ಚರಿತ್ರೆ

ಈ ವಾರದ ಕಂತನ್ನು ಸ್ಟುಡಿಯೋದಲ್ಲಿ ಕೂತು ರೆಕಾರ್ಡ್ ಮಾಡ್ತಿಲ್ಲ. ಎಚ್.ಡಿ. ಕೋಟೆ ತಾಲ್ಲೂಕಿನ ಅಂತರಸಂತೆಯಲ್ಲಿ, ನಮ್ಮ ಮನೆಯ ನಡುಮನೆಯಲ್ಲಿದ್ದೀನಿ. ಮಧ್ಯೆ ಬಸ್ಸಿನ ಹಾರ್ನ್ ಕೇಳಿಸಿದರೆ ಅದು ಮಾನಂದವಾಡಿ ಕಡೆ ಹೋಗೋ ರಸ್ತೆ, ಸ್ವಲ್ಪ ಸಹಿಸಿಕೊಳ್ಳಿ. ಸದ್ದು ಗುಂಯ್ ಅನ್ನಬಾರದು ಅಂತ ಮೈಕಿನ ಕೆಳಗೆ ಒಂದು ಕೌದಿ ಹಾಸಿದ್ದೀನಿ. ಕೌದಿ ಗೊತ್ತಲ್ವಾ? ಹಳೇ ಸೀರೆ, ಪಂಚೆ, ಲಂಗ, ಅಂಗಿ ಎಲ್ಲವನ್ನೂ ಪದರ ಪದರವಾಗಿ ಇಟ್ಟು ಕೈಯಲ್ಲೇ ಹೊಲಿಯೋ ಹೊದಿಕೆ. ಇದು ನಮ್ಮಜ್ಜಿ ಹೊಲಿದದ್ದು.

ಈ ಕೌದಿಯಲ್ಲಿ ಮೂರನೇ ಸಾಲಿಗೆ ತಿಳಿ ಹಸಿರು ಬಣ್ಣದ, ಪುಟ್ಟ ಹಳದಿ ಹೂವಿನ ಒಂದು ತುಂಡಿದೆ. ಅದು ನನ್ನ ಚೂಡಿದಾರ್.

2013ರಲ್ಲಿ ನಾನು ಕೋಟೆಯಲ್ಲಿ ಪಿಯುಸಿ ಓದ್ತಿದ್ದೆ. ದೆಹಲಿಯ ನಿರ್ಭಯಾ ಪ್ರಕರಣ ನಡೆದು ಕೆಲವೇ ತಿಂಗಳಾಗಿತ್ತು, ಟಿವಿ ತುಂಬ ಅದೇ ಮಾತು. ಒಂದು ಸಂಜೆ ಹ್ಯಾಂಡ್‌ಪೋಸ್ಟಿನಲ್ಲಿ ಬಸ್ ಹತ್ತಿದೆ. ಕಾಲಿಡೋಕೂ ಜಾಗವಿಲ್ಲದ ರಶ್. ಮಧ್ಯದಲ್ಲಿ ಹಿಂದಿನಿಂದ ಒಂದು ಕೈ ಬಂತು. ಅದು ಗುಂಪಿನ ಒತ್ತಡಕ್ಕೆ ತಾಗಿದ ಕೈ ಅಲ್ಲ ಅನ್ನೋದು ಮೈಗೆ ತಕ್ಷಣ ಗೊತ್ತಾಗುತ್ತೆ, ಕೇಳ್ತಿರೋ ಹುಡುಗಿಯರಿಗೆ ನಾನು ವಿವರಿಸಬೇಕಿಲ್ಲ. ತಿರುಗಿ ನೋಡಿದರೆ ಎಲ್ಲರೂ ಕಿಟಕಿ ಕಡೆ ನೋಡ್ತಿದ್ದರು.

ಮನೆಗೆ ಬಂದು ಅವ್ವನಿಗೆ ಹೇಳಿದೆ. ಅವಳ ಬಾಯಿಂದ ಮೊದಲು ಬಂದದ್ದು, "ಏನ್ ಹಾಕಂಡಿದ್ದೆ?" ನಾನು ಅದೇ ಬಟ್ಟೆಯಲ್ಲಿ ಅವಳ ಎದುರಿಗೇ ನಿಂತಿದ್ದೆ, ಆದರೂ ಕೇಳಿದಳು. "ವೇಲ್‌ಗೆ ಪಿನ್ ಹಾಕಿದ್ದಾ?" ಹಾಕಿದ್ದೆ, ಎರಡೂ ಭುಜಕ್ಕೆ. ಆ ಚೂಡಿದಾರ್‌ನ ಮತ್ತೆ ಹಾಕಲಿಲ್ಲ. ಮುಂದಿನ ಬೇಸಿಗೆಗೆ ಅಜ್ಜಿ ಅದನ್ನ ಕತ್ತರಿಸಿ ಕೌದಿಗೆ ಸೇರಿಸಿದಳು.

ಅವ್ವನ ಆ ಪ್ರಶ್ನೆಗೆ ಬಟ್ಟೆಯನ್ನೇ ತಂದು ಮುಂದಿಟ್ಟು ಉತ್ತರ ಕೊಟ್ಟವರ ಚರಿತ್ರೆ ಇವತ್ತಿನ ಕಂತು. ಅದರಲ್ಲಿ ಒಂದು ದೊಡ್ಡ ಅಧ್ಯಾಯ ನಮ್ಮ ಬೆಂಗಳೂರಲ್ಲೇ ನಡೆದಿದೆ, ಅಲ್ಲಿಂದ ಶುರು ಮಾಡೋಣ.

2003. ಬೆಂಗಳೂರಿನ ಸೃಷ್ಟಿ ಕಲಾ ಮತ್ತು ವಿನ್ಯಾಸ ಶಾಲೆಯಲ್ಲಿ ಜಸ್ಮೀನ್ ಪಾಥೇಜಾ ಅನ್ನೋ ವಿದ್ಯಾರ್ಥಿನಿ ಓದ್ತಿದ್ದರು. ಕೋಲ್ಕತ್ತಾದಿಂದ ಬಂದವರು. ಬೀದಿಯಲ್ಲಿ ನಡೆಯುವಾಗ ಆಗುವ ಕಿರುಕುಳವನ್ನ ಸುತ್ತಲಿನವರು 'ಇದೆಲ್ಲ ಇದ್ದದ್ದೇ' ಅಂತ ತಳ್ಳಿಹಾಕೋದು ಅವರಿಗೆ ಸಹಿಸಲಾಗಲಿಲ್ಲ. ಸುಮಾರು 60 ವಿದ್ಯಾರ್ಥಿನಿಯರನ್ನ ಒಂದು ಕಡೆ ಸೇರಿಸಿ, 'ಸಾರ್ವಜನಿಕ ಜಾಗ' ಅಂದರೆ ನಿಮಗೆ ಏನು ನೆನಪಾಗುತ್ತೆ, ಬರೀರಿ ಅಂದರು. ಕೆಲವೇ ನಿಮಿಷದಲ್ಲಿ ಹಾಳೆ ತುಂಬಿತು, ಬಂದ ಪದಗಳಲ್ಲಿ ಹೆಚ್ಚಿನವು ಕೆಟ್ಟ ಅನುಭವದವು. ಕಾಲೇಜಿನ ಆ ಪ್ರಾಜೆಕ್ಟೇ 'ಬ್ಲ್ಯಾಂಕ್ ನಾಯ್ಸ್' ಆಯ್ತು. ಅದು ಇವತ್ತಿಗೂ ನಡೀತಿರೋ ಕಲಾವಿದರ, ಸ್ವಯಂಸೇವಕರ ಬಳಗ.

ಆಗ ಇದಕ್ಕೆ ನಮ್ಮಲ್ಲಿ ಸರಿಯಾದ ಹೆಸರೂ ಇರಲಿಲ್ಲ. ಇಂಗ್ಲಿಷ್ ಪತ್ರಿಕೆಗಳಲ್ಲಿ 'ಈವ್ ಟೀಸಿಂಗ್', ಕನ್ನಡದಲ್ಲಿ 'ಚುಡಾಯಿಸುವುದು'. ಏನೋ ಅತ್ತೆ ಮಗ ಮದುವೆ ಮನೆಯಲ್ಲಿ ತಮಾಷೆ ಮಾಡಿದ ಹಾಗೆ! ಇದು ತಮಾಷೆ ಅಲ್ಲ, ಲೈಂಗಿಕ ಹಿಂಸೆ ಅಂತ ಕರೆಯಿರಿ ಅನ್ನೋದು ಆ ಬಳಗದ ಮೊದಲ ಜಗಳಗಳಲ್ಲಿ ಒಂದು.

ಅವರು ಬೀದಿಗಿಳಿದ ರೀತಿ ನನಗೆ ಬಹಳ ಇಷ್ಟ. ಹುಡುಗಿಯರು ಅಂಗಿಯ ಮೇಲೆ ಹೊಳೆಯುವ ಕೆಂಪು ಟೇಪಿನಲ್ಲಿ ಒಬ್ಬೊಬ್ಬರು ಒಂದೊಂದು ಇಂಗ್ಲಿಷ್ ಅಕ್ಷರ ಅಂಟಿಸಿಕೊಳ್ತಿದ್ದರು. ಸಿಗ್ನಲ್ ಕೆಂಪಾಗಿ ಗಾಡಿಗಳು ನಿಂತ ಕೂಡಲೇ ಜೀಬ್ರಾ ಕ್ರಾಸಿಂಗ್ ಮೇಲೆ ಸಾಲಾಗಿ ಬಂದು ನಿಲ್ಲೋರು. ಅಕ್ಷರ ಕೂಡಿಸಿ ಓದಿದರೆ, 'ಯಾಕೆ ನನ್ನನ್ನ ನೋಡ್ತಿದ್ದೀಯ?' ಅಷ್ಟೇ. ಕೂಗಿಲ್ಲ, ಧಿಕ್ಕಾರ ಇಲ್ಲ. ಹಸಿರು ಬಿದ್ದರೆ ಪಕ್ಕಕ್ಕೆ ಸರಿಯೋರು. ಬೈಕ್ ಮೇಲೆ ಕೂತವನಿಗೆ ಎಲ್ಲಿ ನೋಡಬೇಕು ಅಂತ ಗೊತ್ತಾಗದ ಆ ಕೆಲವು ಸೆಕೆಂಡುಗಳನ್ನ ನೆನೆಸಿಕೊಳ್ಳಿ.

ಆಮೇಲೆ ಶುರುವಾದದ್ದು ಬಟ್ಟೆ ಸಂಗ್ರಹ. ನಿಮಗೆ ಕಿರುಕುಳ ಆದ ದಿನ ಹಾಕಿದ್ದ ಬಟ್ಟೆಯನ್ನ ಕಳಿಸಿ, ಅದರ ನೆನಪನ್ನ ಹೇಳಿ ಅಂತ ಕರೆ ಕೊಟ್ಟರು. ಯೋಜನೆಯ ಹೆಸರು 'ಐ ನೆವರ್ ಆಸ್ಕ್ ಫಾರ್ ಇಟ್'. ನಮ್ಮ ಮಾತಲ್ಲಿ, 'ನಾನಾಗಿ ಕೇಳಿ ತಂದುಕೊಂಡದ್ದಲ್ಲ'. ಸೀರೆ ಬಂತು, ಸಲ್ವಾರ್ ಬಂತು, ಜೀನ್ಸ್ ಬಂತು, ಶಾಲೆಯ ಯೂನಿಫಾರಂ ಕೂಡ ಬಂತು. ಇಂಥ 10,000 ಬಟ್ಟೆಗಳನ್ನ ಒಟ್ಟಿಗೆ ನಿಲ್ಲಿಸಬೇಕು ಅನ್ನೋದು ಅವರು ಹಾಕಿಕೊಂಡ ಗುರಿ. ಊರೂರಲ್ಲಿ ಆ ಬಟ್ಟೆಗಳನ್ನ ಹಿಡಿದು ಹೆಂಗಸರು ಮೆರವಣಿಗೆ ಥರ ನಡೆದದ್ದೂ ಇದೆ.

ಇದು ಯಾಕೆ ಅಷ್ಟು ಗಟ್ಟಿ ಉತ್ತರ ಅಂತೀನಿ? ನೀವು ಚರ್ಚೆಗೆ ಕೂತು, 'ಬಟ್ಟೆಗೂ ಕಿರುಕುಳಕ್ಕೂ ಸಂಬಂಧ ಇಲ್ಲ' ಅಂತ ಎಷ್ಟು ಹೊತ್ತು ವಾದಿಸಿದರೂ ಎದುರಿನವನು ತಲೆಯಲ್ಲಿ ಒಂದು ಗಿಡ್ಡ ಸ್ಕರ್ಟ್ ಇಟ್ಟುಕೊಂಡೇ ಕೇಳ್ತಿರ್ತಾನೆ. ಅವನ ಮುಂದೆ ಇಸ್ತ್ರಿ ಮಾಡಿದ ನೀಲಿ ಯೂನಿಫಾರಂ ನೇತುಹಾಕಿ, ಎರಡು ಜಡೆ ಹಾಕೋ ವಯಸ್ಸಿನ ಹುಡುಗಿದು. ಆಗ ಅವನು ಏನು ಹೇಳ್ತಾನೆ?

ಅಮೆರಿಕದಲ್ಲೂ ಇದರ ಅಕ್ಕತಂಗಿಯರಿದ್ದಾರೆ. 1990ರಲ್ಲಿ ಮ್ಯಾಸಚೂಸೆಟ್ಸ್‌ನ ಹಯಾನಿಸ್ ಅನ್ನೋ ಊರಲ್ಲಿ ದೌರ್ಜನ್ಯ ಅನುಭವಿಸಿದ ಹೆಂಗಸರು 31 ಅಂಗಿಗಳ ಮೇಲೆ ತಮ್ಮ ಕಥೆ ಬರೆದು, ಬಟ್ಟೆ ಒಣಗಿಸೋ ಹಗ್ಗದ ಮೇಲೆ ಸಾಲಾಗಿ ನೇತುಹಾಕಿದರು. ಕೊಸೊವೋದ ರಾಜಧಾನಿ ಪ್ರಿಷ್ಟಿನಾದಲ್ಲಿ 2015ರಲ್ಲಿ, ಯುದ್ಧದ ಕಾಲದಲ್ಲಿ ಅತ್ಯಾಚಾರಕ್ಕೆ ಒಳಗಾದವರಿಗಾಗಿ ಕಲಾವಿದೆ ಅಲ್ಕೇತಾ ಜಾಫಾ ಮ್ರಿಪಾ ಒಂದು ಫುಟ್‌ಬಾಲ್ ಮೈದಾನದ ತುಂಬ ಹಗ್ಗ ಕಟ್ಟಿಸಿ ಸಾವಿರಾರು ಲಂಗ, ಫ್ರಾಕ್ ಹರವಿದರು. 'ಮನೆ ಕೊಳೆನ ಬೀದೀಲಿ ತೊಳೀಬಾರದು' ಅಂತ ನಮ್ಮಲ್ಲೂ ಹೇಳ್ತಾರಲ್ಲ, ಅದನ್ನ ತಿರುವಿ ಹಾಕಿದ್ದು ಇದು. ತೊಳೆದ ಬಟ್ಟೆಯನ್ನೇ ಊರ ಮಧ್ಯೆ ಒಣಹಾಕೋದು.

ಇಟಲಿಯದ್ದು ಸ್ವಲ್ಪ ಬೇರೆ. 1992ರಲ್ಲಿ 18 ವರ್ಷದ ಹುಡುಗಿಯೊಬ್ಬಳು ಡ್ರೈವಿಂಗ್ ಕಲಿಸುವವನ ಮೇಲೆ ಅತ್ಯಾಚಾರದ ದೂರು ಕೊಟ್ಟಳು. ಶಿಕ್ಷೆಯೂ ಆಯ್ತು. ಆದರೆ 1999ರ ಫೆಬ್ರವರಿಯಲ್ಲಿ ಹೊರಬಂದ ಅಲ್ಲಿನ ಅತ್ಯುನ್ನತ ನ್ಯಾಯಾಲಯದ ತೀರ್ಪು ಅದನ್ನ ತಳ್ಳಿಹಾಕಿತು. ಕೊಟ್ಟ ಕಾರಣ, ಬಿಗಿಯಾದ ಜೀನ್ಸ್ ಅನ್ನ ಹಾಕಿಕೊಂಡವಳ ಸಹಾಯ ಇಲ್ಲದೆ ಬಿಚ್ಚೋಕೆ ಆಗಲ್ಲ ಅಂತ! ಮರುದಿನಗಳಲ್ಲಿ ಇಟಲಿಯ ಸಂಸದೆಯರು ಜೀನ್ಸ್ ಹಾಕಿಕೊಂಡು ಸಂಸತ್ತಿಗೆ ಬಂದರು. ಅದೇ ವರ್ಷ ಲಾಸ್ ಏಂಜಲೀಸ್‌ನಲ್ಲಿ 'ಡೆನಿಮ್ ಡೇ' ಶುರುವಾಯ್ತು. 2008ರಲ್ಲಿ ಇಟಲಿಯ ಕೋರ್ಟು ತನ್ನ ಜೀನ್ಸ್ ವಾದವನ್ನ ಕೈಬಿಟ್ಟಿತು.

ಈಗ ನೀವು, ಇದೆಲ್ಲ ಪಟ್ಟಣದ, ಇಂಗ್ಲಿಷ್ ಬಲ್ಲವರ ಕಥೆ, ಅಂತರಸಂತೆಗೇನು ಸಂಬಂಧ ಅಂತ ಕೇಳಬಹುದು. ಕೇಳಲೇಬೇಕು.

ನಮ್ಮ ಕಡೆ ಹತ್ತಿ ಬೆಳೀತಾರೆ. ಹುಣಸೂರು, ಪಿರಿಯಾಪಟ್ಟಣದ ಕಡೆ ಹೊಗೆಸೊಪ್ಪು. ಹತ್ತಿ ಬಿಡಿಸೋಕೆ, ಸೊಪ್ಪು ಮುರಿಯೋಕೆ ಹೋಗೋ ಹೆಂಗಸರನ್ನ ನೋಡಿ, ಸೀರೆಯ ಮೇಲೆ ಗಂಡನದೋ ಮಗನದೋ ಹಳೇ ತುಂಬುತೋಳಿನ ಶರ್ಟ್. ಬಿಸಿಲಿಗೆ, ಮೈ ತರಚದ ಹಾಗೆ, ಹೊಗೆಸೊಪ್ಪಿನ ಅಂಟು ಮೈಗೆ ಹತ್ತದ ಹಾಗೆ. ಹೆಂಗಸು ಗಂಡಸಿನ ಬಟ್ಟೆ ಹಾಕಿದಳು ಅಂತ ಯಾರೂ ಪಂಚಾಯ್ತಿ ಸೇರಿಸಲ್ಲ. ಕೂಲಿ ಕೆಲಸ ನಡೀಬೇಕಲ್ಲ. ಅದೇ ಶರ್ಟನ್ನ ಅವಳ ಮಗಳು ಜೀನ್ಸ್ ಮೇಲೆ ಹಾಕಿಕೊಂಡು ಸಂತೆಗೆ ಬರಲಿ, ಆಗ ಮಾತು ಶುರುವಾಗುತ್ತೆ.

ನೈಟಿ ಕಥೆ ಇನ್ನೂ ಚೆನ್ನಾಗಿದೆ. ಕೊರಳಿಂದ ಪಾದದವರೆಗೆ ಮುಚ್ಚೋ ಬಟ್ಟೆ, ಆದರೂ ಹಾಲು ತಗೊಳ್ಳೋಕೆ ಬಾಗಿಲಿಗೆ ಬರುವಾಗ ಅದರ ಮೇಲೊಂದು ಟವೆಲ್ ಬೇಕು. 2018ರಲ್ಲಿ ಆಂಧ್ರದ ಪಶ್ಚಿಮ ಗೋದಾವರಿ ಜಿಲ್ಲೆಯ ತೊಕಲಪಲ್ಲಿ ಅನ್ನೋ ಊರಲ್ಲಿ ಹಿರಿಯರು ಸೇರಿ ಹಗಲು ಹೊತ್ತು ನೈಟಿ ಹಾಕಿದರೆ 2,000 ರೂಪಾಯಿ ದಂಡ ಅಂತ ಸಾರಿದರು. ಹಾಕಿದವರನ್ನ ಹಿಡಿದುಕೊಟ್ಟವರಿಗೆ 1,000 ಬಹುಮಾನ!

ಅಂದರೆ ವಿಷಯ ಮೈ ಎಷ್ಟು ಕಾಣುತ್ತೆ ಅನ್ನೋದಲ್ಲ. ಇದನ್ನ ಅರ್ಥ ಮಾಡಿಕೊಳ್ಳೋಕೆ ಇನ್ನೂ ಹಿಂದಕ್ಕೆ, 19ನೇ ಶತಮಾನಕ್ಕೆ ಹೋಗಬೇಕು. ನಮ್ಮ ಪಕ್ಕದ ಕೇರಳದ ದಕ್ಷಿಣ ತುದಿಗೆ, ಆಗಿನ ತಿರುವಾಂಕೂರು ಸಂಸ್ಥಾನಕ್ಕೆ. ಅಲ್ಲಿ ಗಲಾಟೆ ನಡೆದದ್ದು ಹೆಂಗಸರು ಮೈ ಮುಚ್ಚಿಕೊಂಡರು ಅಂತ.

ಒಂದು ನಿಮಿಷ. ನಿಮ್ಮ ವಾಟ್ಸಾಪ್‌ಗೆ ನಂಗೇಲಿಯ ಕಥೆ ಬಂದಿರುತ್ತೆ, ಮೊಲೆ ತೆರಿಗೆ ವಿರೋಧಿಸಿ ತನ್ನ ಮೊಲೆಯನ್ನೇ ಕತ್ತರಿಸಿಕೊಟ್ಟವಳು ಅಂತ. ಅದು ಬಾಯಿಂದ ಬಾಯಿಗೆ ಬಂದ ಕಥೆ, ಇತಿಹಾಸಕಾರರಲ್ಲಿ ಅದರ ಬಗ್ಗೆ ಒಮ್ಮತ ಇಲ್ಲ. ನಾನು ಹೇಳ್ತಿರೋದು ಸರ್ಕಾರಿ ಆಜ್ಞೆಗಳ ದಾಖಲೆ ಇರೋ ಚಾನ್ನಾರ್ ಹೋರಾಟ.

ತಿರುವಾಂಕೂರಲ್ಲಿ ಕೆಳಜಾತಿಯವರು, ಗಂಡಸರಾಗಲಿ ಹೆಂಗಸರಾಗಲಿ, ಮೇಲ್ಜಾತಿಯವರ ಎದುರು ಎದೆ ಮುಚ್ಚಬಾರದು ಅನ್ನೋ ಕಟ್ಟುಪಾಡಿತ್ತು. ಶಾನಾರ್ ಅಂತ ಕರೀತಿದ್ದ ನಾಡಾರ್ ಸಮುದಾಯದ ಹೆಂಗಸರು, ಮುಖ್ಯವಾಗಿ ಕ್ರೈಸ್ತರಾದವರು, ಕುಪ್ಪಾಯ ಅನ್ನೋ ಹೊಲಿದ ರವಿಕೆ ತೊಡೋಕೆ ಶುರು ಮಾಡಿದರು. ಅದಕ್ಕೆ ಬ್ರಿಟಿಷ್ ರೆಸಿಡೆಂಟ್ ಕರ್ನಲ್ ಮನ್ರೋ ಒಪ್ಪಿಗೆ ಕೊಟ್ಟರು. ಆದರೆ ಹೆಂಗಸರಿಗೆ ಬೇಕಿದ್ದದ್ದು ರವಿಕೆ ಮಾತ್ರ ಅಲ್ಲ. ನಾಯರ್ ಹೆಂಗಸರು ಹೊದೆಯೋ ಹಾಗೆ ಮೇಲ್ಮುಂಡು, ಅಂದರೆ ಎದೆಯ ಮೇಲೆ ಹೊದೆಯೋ ಬಿಳಿ ವಸ್ತ್ರವೂ ಬೇಕು. ಹೊದ್ದರು. ಸಂತೆಯಲ್ಲಿ, ದಾರಿಯಲ್ಲಿ ಅವರ ಬಟ್ಟೆ ಹರಿದರು. 1829ರಲ್ಲಿ ಸರ್ಕಾರವೇ ಮೇಲ್ವಸ್ತ್ರಕ್ಕೆ ನಿಷೇಧ ಹೇರಿತು. ಹೆಂಗಸರು ಬಿಡಲಿಲ್ಲ. 1858ರಲ್ಲಿ ಮತ್ತೆ ಹಿಂಸೆ ಭುಗಿಲೆದ್ದಿತು, ಮದರಾಸಿನ ಗವರ್ನರ್ ಚಾರ್ಲ್ಸ್ ಟ್ರೆವೆಲ್ಯನ್ ಒತ್ತಡ ಹಾಕಿದರು. ಕೊನೆಗೆ 1859ರ ಜುಲೈ 26ರಂದು ಮಹಾರಾಜರ ಆಜ್ಞೆ ಬಂತು, ನಾಡಾರ್ ಹೆಂಗಸರು ಎದೆ ಮುಚ್ಚಬಹುದು ಅಂತ.

ಆದರೆ ಆ ಆಜ್ಞೆಯ ಒಳಗಿನ ಮಾತು ಕೇಳಿ. ಕುಪ್ಪಾಯ ಹಾಕಬಹುದು, ಮೀನುಗಾರ ಮುಕ್ಕುವ ಹೆಂಗಸರ ಹಾಗೆ ಒರಟು ಬಟ್ಟೆ ಕಟ್ಟಿಕೊಳ್ಳಬಹುದು. ಮೇಲ್ಜಾತಿಯವರ ಹಾಗೆ ಮಾತ್ರ ಹೊದೆಯಬಾರದು. ಮುಚ್ಚಬಹುದು, ಆದರೆ ನಿನ್ನ ಜಾತಿ ಯಾವುದು ಅಂತ ಬಟ್ಟೆ ನೋಡಿದ ಕೂಡಲೇ ತಿಳೀಬೇಕು!

ಈ ಚರಿತ್ರೆಯಲ್ಲಿ ನನ್ನನ್ನ ಹೆಚ್ಚು ಹಿಡಿದು ನಿಲ್ಲಿಸೋದು ಒಂದು ಸಣ್ಣ ವಿಷಯ. 1820ರ ಸುಮಾರಿಗೆ ನಾಗರಕೋಯಿಲ್‌ನಲ್ಲಿ ಮಾರ್ಥಾ ಮಾಲ್ಟ್ ಅನ್ನೋ ಮಿಷನರಿ ಹೆಣ್ಣುಮಕ್ಕಳಿಗೆ ಲೇಸ್ ಹೆಣೆಯೋದನ್ನ ಕಲಿಸೋಕೆ ಶುರು ಮಾಡಿದರು. ಆಗ ಅಲ್ಲಿ ಜೀತವಲ್ಲ, ಗುಲಾಮಗಿರಿಯೇ ಇತ್ತು. ಲೇಸ್ ಮಾರಿ ಬಂದ ದುಡ್ಡನ್ನ ಕೂಡಿಟ್ಟು ಕೆಲವು ಹುಡುಗಿಯರು ಒಡೆಯರಿಂದ ತಮ್ಮನ್ನ ತಾವೇ ಬಿಡಿಸಿಕೊಂಡರು ಅಂತ ಮಿಷನ್ ಬರಹಗಳು ಹೇಳುತ್ತವೆ. ತಮ್ಮ ಎದೆಗೆ ಒಂದು ತುಂಡು ಬಟ್ಟೆಗಾಗಿ ಹೊಡೆಸಿಕೊಳ್ತಿದ್ದ ಊರಿನ ಹುಡುಗಿಯರು ದೊರೆಸಾನಿಯರ ಅಂಗಿಗೆ ಅಂಚು ಹೆಣೆದು ಸ್ವತಂತ್ರರಾಗೋದು ಅಂದರೆ! ಬಟ್ಟೆಯ ಈ ಚರಿತ್ರೆ 9ನೇ ತರಗತಿಯ ಎನ್‌ಸಿಇಆರ್‌ಟಿ ಪುಸ್ತಕದಲ್ಲಿತ್ತು. 2019ರಲ್ಲಿ ಹೊರೆ ಕಡಿಮೆ ಮಾಡೋ ಹೆಸರಲ್ಲಿ ಆ ಪಾಠವನ್ನ ತೆಗೆದರು.

ತಿರುಗಿ ಕರ್ನಾಟಕಕ್ಕೆ ಬರೋಣ. 2021ರ ನವೆಂಬರ್ 8, ರಾಷ್ಟ್ರಪತಿ ಭವನ. ಅಂಕೋಲಾದ ಹಾಲಕ್ಕಿ ಸಮುದಾಯದ ತುಳಸಿ ಗೌಡರು ಪದ್ಮಶ್ರೀ ತಗೊಳ್ಳೋಕೆ ಬಂದರು. ಬರಿಗಾಲು, ರವಿಕೆಯಿಲ್ಲದೆ ಉಟ್ಟ ಸೀರೆ, ಕೊರಳ ತುಂಬ ಮಣಿಸರ. ದೇಶವೇ ಆ ಫೋಟೋ ಶೇರ್ ಮಾಡಿತು, ನಾನೂ ಮಾಡಿದೆ. ಯಾರೂ 'ರವಿಕೆ ಎಲ್ಲಿ' ಅಂತ ಕೇಳಲಿಲ್ಲ, ಕೇಳಬೇಕಾಗೂ ಇರಲಿಲ್ಲ. ಅದೇ ಬರಿ ಭುಜ ಇಪ್ಪತ್ತು ವರ್ಷದ ಹುಡುಗಿಯ ರೀಲ್ಸ್‌ನಲ್ಲಿ ಕಂಡರೆ ಕಾಮೆಂಟ್ ಬಾಕ್ಸ್ ಏನಾಗುತ್ತೆ ಅಂತ ನಿಮಗೇ ಗೊತ್ತು.

ಇನ್ನು 2009. ಜನವರಿ 24ರಂದು ಮಂಗಳೂರಿನ ಪಬ್ ಒಂದರಲ್ಲಿದ್ದ ಹುಡುಗಿಯರನ್ನ ಶ್ರೀರಾಮ ಸೇನೆಯ ಹೆಸರು ಹೇಳಿಕೊಂಡವರು ಹೊಡೆದು ಓಡಿಸಿದ ವಿಡಿಯೋ ಎಲ್ಲರೂ ನೋಡಿದ್ದೀರಿ. ಅದಕ್ಕೆ ಉತ್ತರವಾಗಿ ಪತ್ರಕರ್ತೆ ನಿಶಾ ಸೂಸನ್ ಮತ್ತು ಗೆಳತಿಯರು ಫೇಸ್‌ಬುಕ್‌ನಲ್ಲಿ 'ಪಿಂಕ್ ಚಡ್ಡಿ' ಅಭಿಯಾನ ಶುರು ಮಾಡಿದರು. ಪ್ರೇಮಿಗಳ ದಿನಕ್ಕೆ ಹುಬ್ಬಳ್ಳಿಯಲ್ಲಿದ್ದ ಸೇನೆಯ ಕಚೇರಿಗೆ ದೇಶದ ಮೂಲೆ ಮೂಲೆಯಿಂದ ಗುಲಾಬಿ ಒಳಚಡ್ಡಿಗಳ ಪಾರ್ಸೆಲ್. ಮುತಾಲಿಕ್ ಅವರು ಇದಕ್ಕೆ ಪ್ರತಿಯಾಗಿ ಗುಲಾಬಿ ಸೀರೆ ಕಳಿಸ್ತೀವಿ ಅಂದರು. ಆಗ ನಾನು ಹೈಸ್ಕೂಲಲ್ಲಿದ್ದೆ. ನಮ್ಮ ಮನೆಯಲ್ಲಿ ಟಿವಿ ನೋಡ್ತಾ ಗಂಡಸರು ನಕ್ಕರು, ಅವ್ವ ಚಾನೆಲ್ ಬದಲಾಯಿಸಿದಳು. ನಿಜ ಹೇಳಬೇಕಂದರೆ ಆ ಅಭಿಯಾನದ ಬಗ್ಗೆ ನನಗೆ ಈಗಲೂ ಅರ್ಧ ಮನಸ್ಸು. ತಮಾಷೆ ಚುರುಕಾಗಿತ್ತು, ಹೊಡೆದವರನ್ನ ನಗೆಪಾಟಲು ಮಾಡಿತು. ಆದರೆ ಅವ್ವನಂಥವರು ಅದರಿಂದ ಮುಖ ತಿರುಗಿಸಿದರು. ಹ್ಯಾಂಡ್‌ಪೋಸ್ಟಿನ ಬಸ್ಸಿನಲ್ಲಿ ನಿಂತ ಹುಡುಗಿಗೂ ಇದಕ್ಕೂ ಸಂಬಂಧ ಇದೆ ಅಂತ ಯಾರೂ ನಮಗೆ ಹೇಳಲಿಲ್ಲ. ಹಳೇ ಬಟ್ಟೆ ಸಂಗ್ರಹ ಆ ಕೆಲಸ ಮಾಡುತ್ತೆ. ಅಲ್ಲಿ ಸೀರೆಗೂ ಜಾಗ ಇದೆ, ಪಿನ್ ಹಾಕಿದ ವೇಲಿಗೂ ಇದೆ.

2016 ಮುಗಿದು 2017 ಶುರುವಾದ ರಾತ್ರಿ ಬೆಂಗಳೂರಿನ ಎಂ.ಜಿ. ರಸ್ತೆ, ಬ್ರಿಗೇಡ್ ರಸ್ತೆಯಲ್ಲಿ ಹೆಂಗಸರ ಮೇಲೆ ಗುಂಪು ಬಿತ್ತು. ಆಗಿನ ಗೃಹ ಸಚಿವ ಪರಮೇಶ್ವರ ಅವರು ಯುವಜನ ಮನಸ್ಥಿತಿಯಲ್ಲಷ್ಟೇ ಅಲ್ಲ, ಉಡುಪಿನಲ್ಲೂ ಪಾಶ್ಚಾತ್ಯರನ್ನ ಅನುಕರಿಸ್ತಾರೆ ಅನ್ನೋ ಅರ್ಥದ ಮಾತಾಡಿದರು. ನನ್ನ ಮಾತನ್ನ ತಿರುಚಲಾಗಿದೆ ಅಂತ ಆಮೇಲೆ ಹೇಳಿದರು. ಅದೇ ತಿಂಗಳ 21ರಂದು ದೇಶದ ಹಲವು ಊರುಗಳಲ್ಲಿ 'ನಾನು ಹೊರಗೆ ಹೋಗ್ತೀನಿ' ಅಂತ ಹೆಂಗಸರು ನಡೆದರು.

ಇನ್ನೊಂದು ನಮಗೆ ಇನ್ನೂ ಹತ್ತಿರದ್ದು. ಈ ಮನೆ ಮುಂದಿನ ರಸ್ತೆ ಹಿಡಿದು ಬಾವಲಿ ದಾಟಿ, ಮಾನಂದವಾಡಿ ಮೇಲೆ ಘಾಟಿ ಇಳಿದರೆ ಕೋಝಿಕ್ಕೋಡ್. 2022ರ ಆಗಸ್ಟಿನಲ್ಲಿ ಅಲ್ಲಿನ ಸೆಷನ್ಸ್ ಕೋರ್ಟು ಒಬ್ಬ ಲೇಖಕರಿಗೆ ನಿರೀಕ್ಷಣಾ ಜಾಮೀನು ಕೊಡುವಾಗ, ದೂರುದಾರೆ ಪ್ರಚೋದಿಸುವಂಥ ಉಡುಪು ಹಾಕಿದ್ದರಿಂದ ಲೈಂಗಿಕ ಕಿರುಕುಳದ ಕಲಂ ಮೇಲ್ನೋಟಕ್ಕೆ ಅನ್ವಯಿಸಲ್ಲ ಅಂದಿತು. ಆರೋಪಿಯ ಕಡೆಯವರೇ ಅವಳ ಫೋಟೋಗಳನ್ನ ಕೋರ್ಟಿಗೆ ಕೊಟ್ಟಿದ್ದರು. ನಮ್ಮವ್ವನ ಪ್ರಶ್ನೆ, ಕೋರ್ಟಿನ ಕಾಗದದ ಮೇಲೆ! ಅಕ್ಟೋಬರಿನಲ್ಲಿ ಕೇರಳ ಹೈಕೋರ್ಟು ಆ ಮಾತನ್ನ ಆದೇಶದಿಂದ ತೆಗೆದುಹಾಕಿತು.

ಅದೇ ಅಕ್ಟೋಬರ್ 13ರಂದು ಸುಪ್ರೀಂ ಕೋರ್ಟಿನಲ್ಲಿ ನಮ್ಮ ರಾಜ್ಯದ ಹಿಜಾಬ್ ಪ್ರಕರಣದ ತೀರ್ಪು ಬಂತು, ಇಬ್ಬರು ನ್ಯಾಯಮೂರ್ತಿಗಳದ್ದು ಎರಡು ದಾರಿ. ಆ ವರ್ಷದ ಶುರುವಿನಲ್ಲಿ ಉಡುಪಿಯ ಕಾಲೇಜಿನ ಗೇಟಿನಿಂದ ಹೊತ್ತಿದ ಗಲಾಟೆಯಲ್ಲಿ ಒಂದು ಕಡೆ ತಲೆವಸ್ತ್ರ, ಇನ್ನೊಂದು ಕಡೆ ಕೇಸರಿ ಶಾಲು. ಅದರ ಬಗ್ಗೆ ನಿಮಗೆ ನಿಮ್ಮದೇ ಅಭಿಪ್ರಾಯ ಇರುತ್ತೆ, ಇರಲಿ. ನನ್ನದು ಹೇಳ್ತೀನಿ. 'ವೇಲ್ ಹಾಕು' ಅಂತ ಒಬ್ಬಳಿಗೆ ಹೇಳೋದನ್ನ ವಿರೋಧಿಸುವ ನಾನು, 'ತೆಗಿ, ಇಲ್ಲಾಂದ್ರೆ ಪರೀಕ್ಷೆ ಬರೀಬೇಡ' ಅಂತ ಇನ್ನೊಬ್ಬಳನ್ನ ಗೇಟಲ್ಲಿ ನಿಲ್ಲಿಸೋದನ್ನ ಒಪ್ಪಲಾರೆ.

ಹೋದ ವಾರ ಈ ಕಂತಿಗಾಗಿ ಓದ್ತಾ ಇದ್ದಾಗ ನನ್ನ ಚೂಡಿದಾರ್ ನೆನಪಾಯ್ತು. ಬ್ಲ್ಯಾಂಕ್ ನಾಯ್ಸ್‌ಗೆ ಕಳಿಸೋಣ ಅನ್ನಿಸಿ ಊರಿಗೆ ಬಂದೆ. ಅಜ್ಜಿ ಈಗ ಇಲ್ಲ. ಕೌದಿ ಅಟ್ಟದ ಮೇಲಿತ್ತು. ಬಿಚ್ಚೋಕೆ ಕೂತೆ. ಅಜ್ಜಿಯ ಹೊಲಿಗೆ ಒಂದೊಂದೂ ಅಕ್ಕಿಕಾಳಿನಷ್ಟು, ಒಂದು ಸಾಲು ಬಿಚ್ಚಿದರೆ ಪಕ್ಕದ ಸೀರೆ ತುಂಡೂ ಸಡಿಲ ಆಗುತ್ತೆ. ಅವ್ವ ಬಂದು ಪಕ್ಕದಲ್ಲಿ ಕೂತಳು. ಇದು ಯಾವ ಬಟ್ಟೆ ಅಂತ ನೆನಪಿದ್ಯಾ ಅಂದೆ. ನೆನಪಿತ್ತು. ಬಸ್ಸಿನ ಸಂಜೆಯೂ ನೆನಪಿತ್ತು.

ಆಮೇಲೆ ಅವಳು ಆ ಹಸಿರು ತುಂಡಿನಿಂದ ನಾಲ್ಕು ಬೆರಳು ಆಚೆ ಇದ್ದ ಒಂದು ನೇರಳೆ ಬಟ್ಟೆ ಮೇಲೆ ಕೈಯಿಟ್ಟಳು. "ಇದು ನನ್ನ ಲಂಗ-ದಾವಣಿ. ಏಳನೇ ಕ್ಲಾಸಲ್ಲಿದ್ದಾಗ್ದು. ಕೋಟೆ ಜಾತ್ರೇಲಿ" ಅಂದಳು. ಅಷ್ಟಕ್ಕೇ ನಿಲ್ಲಿಸಿದಳು. ಆವತ್ತು ನಿನ್ನನ್ನ ಯಾರು ಏನು ಕೇಳಿದರು ಅಂದೆ. "ನಾನ್ ಯಾರಿಗ್ ಹೇಳದು? ನಿಮ್ಮಜ್ಜಿ ನೋಡೇ ತಿಳ್ಕಂಡ್ಲು" ಅಂದಳು.

ಕತ್ತರಿ ತೆಗೆದು ಒಳಗಿಟ್ಟೆ. ಬಟ್ಟೆ ಕಳಿಸ್ತಿಲ್ಲ. ಕೌದಿಯ ಫೋಟೋ ತೆಗೆದು, ಎರಡೂ ತುಂಡಿನ ಕಥೆ ಬರೆದು ಕಳಿಸೋಣ ಅಂದೆ. ಅವ್ವ ತನ್ನ ಹೆಸರು ಬೇಡ ಅಂದಳು. ಜಾತ್ರೆಯದ್ದು ಮಾತ್ರ ಸರಿಯಾಗಿ ಬರಿ, ಅವತ್ತು ಸಂಜೆ ಅಲ್ಲ, ಮಧ್ಯಾಹ್ನ ಅಂತ ತಿದ್ದಿದಳು.